ನಾದಸೇವೆಯೂ ಸಮುದ್ರಯಾನವೂ

ಕಳೆದ ವರ್ಷ ಉತ್ಥಾನದ್ವಾದಶಿಯ ಮರುದಿನ, ನಮ್ಮ ಊರಿನವರೇ ಆಗಿ ಈಗ ಅಮೇರಿಕೆಯ ಪೂರ್ವತೀರದ ನಗರವೊಂದರಲ್ಲಿ ನೆಲೆಸಿರುವ ಗೃಹಸ್ಥರೊಬ್ಬರು ಸಕುಟುಂಬರಾಗಿ ಗುಡಿಗೆ ಬಂದಿದ್ದರು. ಹಾನಗಲ್ಲ ತಾಲೂಕಿನ ಒಂದು ಸಣ್ಣ ಊರು ನಮ್ಮದು. ಗುಡಿಯ ಅರ್ಚನೆ ನಮ್ಮ ಮನೆತನಕ್ಕೆ ಪರಂಪರೆಯಿಂದ ಬಂದುದು. ತೀರ್ಥಪ್ರಸಾದಗಳನ್ನು ಸ್ವೀಕರಿಸಿದ ಮೇಲೆ ಆ ಗೃಹಸ್ಥರು ನನ್ನ ತೀರ್ಥರೂಪರ ಎದುರು ಕೈಮುಗಿದು ಒಂದು ಬಿನ್ನಹವನ್ನು ಮುಂದಿಟ್ಟರು.

"ಆಚಾರ್ರೇ, ನಮ್ಮ ಹುಡುಗಿಗೆ ದಾಸರ ಪದ ಕಲಿಸಬೇಕಂತ ಭಾಳ ಆಸೆ ಅದ. ಅಲ್ಲೆ ನಮ್ಮ ಕಡೆ ಧಾಟಿ ಗೊತ್ತಿದ್ದವರು ಯಾರೂ ಸಿಗೂದಿಲ್ಲ. ನಿಮ್ಮ ಮಗ ಮೊಬೈಲಿನಾಗ ಪಾಠ ಹೇಳಿದರ ನಾಲ್ಕಾರು ಮನಿ ಹುಡುಗರು ಕಲೀತಾವ. ಅವರ ಶ್ರಮಕ್ಕ ತಕ್ಕ ಸಂಭಾವನಿ ಕೊಡತೇವಿ."

ತೀರ್ಥರೂಪರು ಕೂಡಲೆ ಉತ್ತರ ಕೊಡಲಿಲ್ಲ. ರಾತ್ರಿ ಗುಡಿಯ ಬಾಗಿಲನ್ನು ಹಾಕಿಕೊಂಡು ಬಂದು ಪಡಸಾಲೆಯಲ್ಲಿ ಕುಳಿತಾಗ ನನ್ನನ್ನು ಹತ್ತಿರ ಕರೆದು ಹೇಳಿದರು: "ಕಲಸು, ಬ್ಯಾಡ ಅನ್ನೂದಿಲ್ಲ. ಆದರ ಹರಿನಾಮಕ್ಕ ರೊಕ್ಕ ತೊಗೊಂಡು ಕಲಸೂದು ಸೇವಾನೋ, ವ್ಯಾಪಾರನೋ? ಅದನ್ನಷ್ಟು ವಿಚಾರ ಮಾಡಿ ಹೇಳು."

ಕೆಲವು ವರ್ಷ ಪಾಠಶಾಲೆಯಲ್ಲಿಯೂ ಮೂರು ವರ್ಷ ಕಾಲೇಜಿನಲ್ಲಿಯೂ ಓದಿದ ನನಗೆ ಆ ರಾತ್ರಿ ಉತ್ತರ ಹೊಳೆಯಲಿಲ್ಲ. ಪಾಠವನ್ನು ಆರಂಭಿಸಿದ್ದಾಯಿತು; ವಿಚಾರವು ಮಾತ್ರ ಉಳಿದೇ ಇತ್ತು. ಇಂದು ಅನೇಕ ಮಾಧ್ವ ಕುಟುಂಬಗಳಲ್ಲಿ ಒಬ್ಬ ಮಗನೋ ಮಗಳೋ ಪರದೇಶದಲ್ಲಿರುವುದು ಸಾಮಾನ್ಯವಾಗಿದೆ. ಆದುದರಿಂದ ಈ ಪ್ರಶ್ನೆ ನಮ್ಮ ಮನೆಯೊಂದರದೇ ಅಲ್ಲವೆಂದು ಭಾವಿಸಿ, ನನಗೆ ತೋಚಿದುದನ್ನು ವಾಚಕ ಮಹಾಶಯರ ಮುಂದಿಡುತ್ತಿದ್ದೇನೆ.

ನಮ್ಮ ದೇಶದ ಸಂಗೀತವು ಪರದೇಶಗಳಲ್ಲಿ ಕಚೇರಿಯ ರೂಪದಲ್ಲಿಯೂ ಶಿಕ್ಷಣದ ರೂಪದಲ್ಲಿಯೂ ಹಬ್ಬಿರುವುದು ವಿದಿತವಾದ ಸಂಗತಿ. ಉಸ್ತಾದ್ ಅಲಿ ಅಕ್ಬರ್ ಖಾನರು ೧೯೬೭ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಂಗೀತ ಕಾಲೇಜನ್ನು ಸ್ಥಾಪಿಸಿದರು. ಲಂಡನ್ನಿನಲ್ಲಿ ಭಾರತೀಯ ವಿದ್ಯಾಭವನವು ೧೯೭೨ರಲ್ಲಿ ಆರಂಭವಾಗಿ ಹಿಂದುಸ್ತಾನಿ, ಕರ್ನಾಟಕ ಪದ್ಧತಿಗಳೆರಡನ್ನೂ ಕಲಿಸುತ್ತ ಬಂದಿದೆ. ಅಮೇರಿಕೆಯ ಕ್ಲೀವ್‌ಲ್ಯಾಂಡ್ ನಗರದಲ್ಲಿ ೧೯೭೮ರಿಂದ ವರ್ಷವರ್ಷವೂ ತ್ಯಾಗರಾಜರ ಆರಾಧನೆ ನಡೆಯುತ್ತಿದೆ. ಅಲಿ ಅಕ್ಬರರ ಶಿಷ್ಯರೂ ನಮ್ಮ ಕನ್ನಡಿಗರೂ ಆದ ಸರೋದ್ ವಾದಕ ಪಂಡಿತ ರಾಜೀವ ತಾರಾನಾಥರು ೧೯೯೫ರಿಂದ ೨೦೦೫ರವರೆಗೆ ಕ್ಯಾಲಿಫೋರ್ನಿಯಾದ ಕಲಾಸಂಸ್ಥೆಯೊಂದರಲ್ಲಿ ಭಾರತೀಯ ಸಂಗೀತ ವಿಭಾಗದ ಮುಖ್ಯಸ್ಥರಾಗಿದ್ದರು. ಕರ್ನಾಟಕ ಪದ್ಧತಿಯಲ್ಲಿ ಎಲ್ಲಿಯೇ ಪಾಠ ನಡೆಯಲಿ, ಮೊದಲನೆಯ ದಿನ ಮಗುವಿನ ಬಾಯಲ್ಲಿ ಬರುವುದು ಮಾಯಾಮಾಳವಗೌಳದ ಸರಳೆ ವರಸೆ. ಕೆಲವು ತಿಂಗಳ ಮೇಲೆ ಪಿಳ್ಳಾರಿ ಗೀತೆ. ಈ ಕ್ರಮವನ್ನು ಹಾಕಿಕೊಟ್ಟವರು ಶ್ರೀ ಪುರಂದರದಾಸರೆಂಬುದು ಸಂಗೀತಗಾರರೆಲ್ಲರೂ ಒಪ್ಪಿದ ಸಂಪ್ರದಾಯ. ನಾವು ಕಳಿಸುವುದಕ್ಕೆ ಎಷ್ಟೋ ಮೊದಲೇ ದಾಸರು ತಾವಾಗಿಯೇ ಆ ಮನೆಗಳ ಹೊಸ್ತಿಲನ್ನು ದಾಟಿದ್ದಾರೆ.

ಇಲ್ಲಿ ಮೊದಲನೆಯ ಆಕ್ಷೇಪವು ಸಮುದ್ರಯಾನದ್ದು. ಬೌಧಾಯನರು ಸಮುದ್ರಯಾನವನ್ನು ಪತನಕ್ಕೆ ಕಾರಣವಾದ ಕರ್ಮಗಳಲ್ಲಿ ಎಣಿಸಿದ್ದಾರೆ. ಕಲಿಯುಗದಲ್ಲಿ ವರ್ಜ್ಯವಾದವುಗಳ ಪಟ್ಟಿಯಲ್ಲಿಯೂ ಅದು ಸೇರಿದೆ. ೨೦೦೮ರ ಉಡುಪಿಯ ಪರ್ಯಾಯದ ಸಂದರ್ಭದಲ್ಲಿ ಯತಿಗಳ ವಿದೇಶಯಾನವನ್ನು ಕುರಿತು ನಡೆದ ಚರ್ಚೆ ವಾಚಕರ ನೆನಪಿನಲ್ಲಿರಬಹುದು. ಅದು ಯತಿಧರ್ಮಕ್ಕೆ ಸಂಬಂಧಿಸಿದ ವಿಷಯ. ಅದನ್ನು ಹಿರಿಯರು ವಿಚಾರಿಸತಕ್ಕದ್ದು. ನನ್ನಂಥವನು ಅದರಲ್ಲಿ ಬಾಯಿ ಹಾಕುವುದು ಉಚಿತವಲ್ಲ. ಆದರೆ ನಮ್ಮ ಪ್ರಶ್ನೆ ದೇಹದ ಪ್ರಯಾಣದ್ದಲ್ಲ, ಗಾನದ ಪ್ರಯಾಣದ್ದು. ಸ್ನಾನ, ಸಂಧ್ಯಾವಂದನೆ, ಆಹಾರಶುದ್ಧಿಗಳಿಗೆ ಲೋಪ ಬರುತ್ತದೆಂಬುದು ದೇಹಕ್ಕೆ ವಿಧಿಸಿದ ನಿಷೇಧದ ಹಿಂದಿನ ಒಂದು ಆಶಯವೆಂದು ತೋರುತ್ತದೆ. ಸ್ವರಕ್ಕೆ ಯಾವ ಸ್ನಾನ, ಯಾವ ಸಂಧ್ಯೆ?

ಇನ್ನೂ ಒಂದು ಮಾತು. ನಮ್ಮ ಆರಾಧ್ಯದೈವವಾದ ಉಡುಪಿಯ ಶ್ರೀಕೃಷ್ಣನೇ ಕಡಲ ದಾರಿಯಿಂದ ಬಂದವನು. ದ್ವಾರಕೆಯಿಂದ ಹೊರಟ ಹಡಗಿನಲ್ಲಿ ಗೋಪೀಚಂದನದ ಗಡ್ಡೆಯೊಳಗೆ ಅಡಗಿ ಬಂದು, ಮಲ್ಪೆಯ ತೀರದಲ್ಲಿ ಶ್ರೀಮದಾಚಾರ್ಯರ ಕೈಸೇರಿದನೆಂಬುದನ್ನು ನಮ್ಮ ಮನೆಗಳ ಮಕ್ಕಳೂ ಬಲ್ಲರು. ಆಚಾರ್ಯರ ದ್ವಾದಶಸ್ತೋತ್ರವನ್ನು ಸಂಪ್ರದಾಯವು ಆ ಪ್ರಸಂಗಕ್ಕೇ ಜೋಡಿಸುತ್ತದೆ. ಕಡಲಿನಿಂದ ಬಂದವನನ್ನು ಹಾಡಿನಿಂದ ಎದುರುಗೊಂಡ ಪರಂಪರೆ ನಮ್ಮದು. ಆತನ ಹಾಡು ಕಡಲಿನ ಮೇಲೆಯೇ ಮರಳಿ ಹೊರಟರೆ ಬೆದರುವುದಕ್ಕೆ ಕಾರಣ ಕಾಣಿಸದು. ನಮ್ಮ ನೆರೆಯ ಸವಣೂರಿನಲ್ಲಿ ೧೯೦೯ರಲ್ಲಿ ಜನಿಸಿದ ವಿನಾಯಕ ಕೃಷ್ಣ ಗೋಕಾಕರು ಆಕ್ಸ್‌ಫರ್ಡಿಗೆ ಓದಲು ಹೋದರು. ಆ ಹಡಗಿನ ಪ್ರಯಾಣದಿಂದ ಕನ್ನಡಕ್ಕೆ 'ಸಮುದ್ರ ಗೀತೆಗಳು' ದೊರೆತವು. ಕನ್ನಡದ ಸೇವೆಗೆ ಅದರಿಂದ ಲಾಭವಾಯಿತೇ ಹೊರತು ಹಾನಿಯಾಗಲಿಲ್ಲ.

ಸಂಗೀತವು ಊರು ಬಿಟ್ಟು ಹೋದರೆ ಕೆಡುತ್ತದೆ ಎನ್ನುವವರು, ಅದು ನಮ್ಮ ಊರಿಗೆ ಬಂದ ಬಗೆಯನ್ನೂ ನೆನೆಯಬೇಕು. ಇಂದು 'ಹಾನಗಲ್' ಎಂಬ ಹೆಸರನ್ನು ಲೋಕವು ಬಲ್ಲುದು ಮುಖ್ಯವಾಗಿ ಶ್ರೀಮತಿ ಗಂಗೂಬಾಯಿ ಹಾನಗಲ್ಲರಿಂದ. ೧೯೧೩ರಲ್ಲಿ ಧಾರವಾಡದಲ್ಲಿ ಜನಿಸಿ, ಹುಬ್ಬಳ್ಳಿಯಲ್ಲಿ ಬಾಳಿ, ೨೦೦೯ರಲ್ಲಿ ಕಾಲವಾದ ಅವರು ತಮ್ಮ ಪೂರ್ವಿಕರ ಊರಿನ ಹೆಸರನ್ನು ಇಟ್ಟುಕೊಂಡಿದ್ದರು. ಅಮೇರಿಕ, ಕೆನಡಾ, ಜರ್ಮನಿ, ಫ್ರಾನ್ಸ್ ಮೊದಲಾದ ದೇಶಗಳಲ್ಲಿ ಹಾಡಿದರು. ಅವರು ಹಾಡಿದುದು ಕಿರಾಣಾ ಘರಾಣೆಯ ಗಾಯನ. ಆ ಘರಾಣೆಯ ಮೂಲ ಉತ್ತರಪ್ರದೇಶದ ಕೈರಾನಾ ಎಂಬ ಊರು. ಅಲ್ಲಿಂದ ಬಂದ ಅಬ್ದುಲ್ ಕರೀಂ ಖಾನರು ನಮ್ಮ ಸೀಮೆಯಲ್ಲಿ ಸಂಚರಿಸಿ, ಕುಂದಗೋಳದ ರಾಮರಾಯರಿಗೆ ವಿದ್ಯೆಯನ್ನು ಕೊಟ್ಟರು. ಆ ರಾಮರಾಯರೇ ಮುಂದೆ ಸವಾಯಿ ಗಂಧರ್ವರೆಂದು ಖ್ಯಾತರಾದರು. ಗಂಗೂಬಾಯಿಯವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬಂದು ಅವರಲ್ಲಿ ಕಲಿತರು. ಗದಗಿನಲ್ಲಿ ೧೯೨೨ರಲ್ಲಿ ಜನಿಸಿದ ಪಂಡಿತ ಭೀಮಸೇನ ಜೋಶಿಯವರೂ ಅದೇ ಗುರುಗಳ ಮನೆಯಲ್ಲಿ ಕಲಿತು, ಲೋಕವನ್ನೆಲ್ಲ ಸುತ್ತಿ, ೨೦೦೮ರಲ್ಲಿ ಭಾರತರತ್ನಕ್ಕೆ ಪಾತ್ರರಾದರು. ದಾಸರ ಪದಗಳನ್ನು ಮನೆಮನೆಗೆ ಮುಟ್ಟಿಸಿದರು. ದೂರದ ಕೈರಾನಾದವರು ತಮ್ಮ ವಿದ್ಯೆ ಊರ ಗಡಿಯನ್ನು ದಾಟಬಾರದೆಂದು ಬಿಗಿಹಿಡಿದಿದ್ದರೆ, ಶಿಗ್ಗಾಂವಿಯ ಪಕ್ಕದ ಕುಂದಗೋಳಕ್ಕೆ ಈ ಭಾಗ್ಯ ಎಲ್ಲಿಂದ ಬರುತ್ತಿತ್ತು? ಪಡೆದುದನ್ನು ನಮ್ಮದೆಂದು ಹೆಮ್ಮೆಪಟ್ಟು, ಕೊಡುವಾಗ ಮಾತ್ರ ಕಡಲನ್ನು ಅಡ್ಡವಿಡುವುದು ನ್ಯಾಯವಲ್ಲ.

ಗಂಗೂಬಾಯಿಯವರ ಬಾಲ್ಯದ ಒಂದು ಪ್ರಸಂಗವನ್ನು ಇಲ್ಲಿ ಹೇಳದೆ ಮುಂದೆ ಹೋಗುವುದು ಪ್ರಾಮಾಣಿಕವಾಗದು. ಧಾರವಾಡದಲ್ಲಿ ನೆರೆಮನೆಯವರ ತೋಟದ ಮಾವಿನಹಣ್ಣಿಗೆ ಕೈಹಾಕಿದಾಗ, ಕದ್ದಳೆಂಬುದಕ್ಕಿಂತ ಹೆಚ್ಚಾಗಿ ಹಾಡುವವಳ ಮಗಳು ತೋಟದೊಳಗೆ ಕಾಲಿಟ್ಟಳೆಂಬುದಕ್ಕೆ ಬೈಗುಳ ಕೇಳಬೇಕಾಯಿತೆಂದೂ, ಮುಂದೆ ಹೆಸರು ಬಂದಮೇಲೆ ಅದೇ ಜನ ತಮ್ಮನ್ನು ಮನೆಗೆ ಕರೆಯುವಂತಾಯಿತೆಂದೂ ಅವರೇ ನೆನಪಿಸಿಕೊಂಡದ್ದುಂಟು. ೧೯೨೪ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಮಹಾತ್ಮಾ ಗಾಂಧಿಯವರ ಎದುರು ಸ್ವಾಗತಗೀತೆಯನ್ನು ಹಾಡಿದ ಬಾಲಿಕೆಗೆ, ಊಟದ ಮೇಲೆ ತನ್ನ ಎಲೆಯನ್ನು ಎತ್ತಲು ಹೇಳಿಯಾರೆಂಬ ಅಂಜಿಕೆ ಇತ್ತಂತೆ. ಪರದೇಶದ ಸಭಾಂಗಣಗಳು ಎದ್ದುನಿಂತು ಗೌರವಿಸಿದ ಕಂಠಕ್ಕೆ, ತನ್ನೂರಿನ ಓಣಿಯಲ್ಲಿ ಈ ಮರ್ಯಾದೆ ದೊರೆತಿತ್ತು. ಇದನ್ನು ಓದಿದಾಗ ನಮ್ಮ ಶಿಗ್ಗಾಂವಿ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರ ನೆನಪು ಬಾರದಿರದು. ವ್ಯಾಸರಾಯರು ಕೈಹಿಡಿದ ಆ ಮಹಾನುಭಾವರು ಉಡುಪಿಯಲ್ಲಿ ಹೊರಗೆ ನಿಂತು ಹಾಡಿದಾಗ ಸ್ವಾಮಿಯೇ ಪಶ್ಚಿಮಕ್ಕೆ ತಿರುಗಿದನೆಂಬುದು ನಮ್ಮ ನಂಬಿಕೆ. ಹೊರಗಿನವನೆಂದು ನಾವು ಕರೆದವನ ಕಡೆಗೆ ದೇವರು ಮುಖ ಮಾಡಿದ್ದಾನೆ. ಅಂದಮೇಲೆ ಹಾಡನ್ನು ಕಲಿಯಲು ಬಂದವನು ಯಾವ ದೇಶದವನು, ಯಾವ ಕುಲದವನು ಎಂದು ಕೇಳುವ ಅಧಿಕಾರ ನಮಗೆ ಎಲ್ಲಿಂದ ಬಂದೀತು? ಗೀತೆಯ ಕೊನೆಯಲ್ಲಿ ಭಗವಂತನು ಯಾರಿಗೆ ಉಪದೇಶಿಸಬಾರದೆಂದು ಹೇಳುವಾಗ ಕೇಳಲು ಇಚ್ಛೆಯಿಲ್ಲದವನನ್ನೂ ಭಕ್ತಿಯಿಲ್ಲದವನನ್ನೂ ಹೆಸರಿಸಿದ್ದಾನೆ, ದೂರದೇಶದವನನ್ನು ಹೆಸರಿಸಿಲ್ಲ.

ಎರಡನೆಯ ಆಕ್ಷೇಪವು ತೀರ್ಥರೂಪರದು. ಅದು ಹಣದ್ದು; ಮೊದಲನೆಯದಕ್ಕಿಂತ ಕಠಿಣವಾದದ್ದು. ವೃತ್ತಿಗಾಗಿ ವೇದದ ಒಂದು ಭಾಗವನ್ನು ಕಲಿಸುವವನನ್ನು ಮನು ಉಪಾಧ್ಯಾಯನೆಂದು ಕರೆದು ಆಚಾರ್ಯನಿಗಿಂತ ಕೆಳಗೆ ಇಟ್ಟಿದ್ದಾನೆ. ಸಂಬಳ ಗೊತ್ತುಮಾಡಿಕೊಂಡು ಪಾಠ ಹೇಳುವವನನ್ನು ಶ್ರಾದ್ಧಕ್ಕೆ ಕರೆಯತಕ್ಕವರಲ್ಲಿ ಸೇರಿಸಿಲ್ಲ. ದಾಸರ ಪದ ವೇದವಲ್ಲ, ಕನ್ನಡದ್ದು. ಆದುದರಿಂದ ಆ ನಿಯಮ ಇಲ್ಲಿಗೆ ಅನ್ವಯಿಸದೆಂದು ವಾದಿಸಬಹುದು. ನಾನೂ ಹಾಗೆ ವಾದಿಸಿದೆ. ತೀರ್ಥರೂಪರು ನಕ್ಕು, "ನಿಯಮ ತಪ್ಪಿಸಿಕೊಂಡಿ, ಪ್ರಶ್ನೆ ತಪ್ಪಿಸಿಕೊಂಡಿ ಏನು?" ಎಂದರು. ನವಕೋಟಿ ನಾರಾಯಣನೆನಿಸಿದ್ದ ವರ್ತಕರೇ ಸರ್ವಸ್ವವನ್ನೂ ಬಿಟ್ಟು ಪುರಂದರದಾಸರಾದರಲ್ಲವೇ? ಹಣವನ್ನು ಬಿಟ್ಟು ಹುಟ್ಟಿದ ಹಾಡಿಗೆ ಮತ್ತೆ ಹಣದ ಗಂಟು ಕಟ್ಟಬಹುದೇ?

ಈ ಪ್ರಶ್ನೆಗೆ ನನಗೆ ದಾರಿ ತೋರಿದುದು ನಮ್ಮ ಹಾನಗಲ್ಲೇ. ಶಾಸನಗಳ ಪಾನುಂಗಲ್ಲಾದ ಈ ಊರು ಮಹಾಭಾರತದ ವಿರಾಟನಗರವೆಂಬುದು ಸ್ಥಳೀಯರ ಬಹುಕಾಲದ ನಂಬಿಕೆ. ಆ ನಂಬಿಕೆಯನ್ನು ಇತಿಹಾಸಕಾರರು ಏನೇ ಎನ್ನಲಿ, ಅದರಿಂದ ದೊರೆಯುವ ಪಾಠ ನಮಗೆ ಬೇಕಾದುದು. ಅರ್ಜುನನು ಸಂಗೀತವನ್ನು ಕಲಿತುದು ತನ್ನ ನಾಡಿನಲ್ಲಲ್ಲ. ಇಂದ್ರಲೋಕದಲ್ಲಿ, ಚಿತ್ರಸೇನನೆಂಬ ಗಂಧರ್ವನಲ್ಲಿ. ಅದನ್ನು ಕಲಿಸಿದುದೂ ತನ್ನ ನಾಡಿನಲ್ಲಲ್ಲ; ವಿರಾಟನ ಅಂತಃಪುರದಲ್ಲಿ ಬೃಹನ್ನಳೆಯಾಗಿ, ಉತ್ತರೆಗೂ ಅವಳ ಸಖಿಯರಿಗೂ. ಅದು ಹೊಟ್ಟೆಯ ದಾರಿಯೂ ಆಗಿತ್ತು. ಅಂತಃಪುರದಲ್ಲಿ ದೊರೆತ ಹಳೆಯ ವಸ್ತ್ರಗಳನ್ನು ಮಾರಿ, ಬಂದುದನ್ನು ಸೋದರರೊಡನೆ ಹಂಚಿಕೊಳ್ಳುತ್ತಿದ್ದನೆಂದು ವಿರಾಟಪರ್ವವು ಸಂಕೋಚವಿಲ್ಲದೆ ಹೇಳುತ್ತದೆ. ಗಾಂಡೀವಧಾರಿಗೆ ಸಂಗೀತದ ಪಾಠದಿಂದ ಬದುಕುವುದು ಅವಮಾನವೆನಿಸಲಿಲ್ಲ.

ಆದರೆ ಅಜ್ಞಾತವಾಸ ಮುಗಿದ ಮೇಲೆ ವಿರಾಟನು ಉತ್ತರೆಯನ್ನೇ ಕೊಡಲು ಬಂದಾಗ ಅರ್ಜುನನು ಅವಳನ್ನು ತನಗಾಗಿ ಸ್ವೀಕರಿಸಲಿಲ್ಲ. ಅವಳು ತನ್ನನ್ನು ಆಚಾರ್ಯನೆಂದು, ತಂದೆಯ ಸಮಾನನೆಂದು ನಂಬಿದವಳು. ಸೊಸೆಯಾಗಿ ಬರಲಿ ಎಂದನು. ಇಲ್ಲಿ ಗೆರೆ ಸ್ಪಷ್ಟವಾಗಿದೆ. ಜೀವನಕ್ಕೆ ಬೇಕಾದುದನ್ನು ಗುರು ತೆಗೆದುಕೊಳ್ಳಬಹುದು. ಶಿಷ್ಯನ ನಂಬಿಕೆಯಿಂದ ಲಾಭವನ್ನು ತೆಗೆಯಬಾರದು. ಹರಿದಾಸರೂ ಬರಿಗಾಳಿಯಿಂದ ಬದುಕಲಿಲ್ಲ. ಕಾಲಿಗೆ ಗೆಜ್ಜೆ ಕಟ್ಟಿ ತಂಬೂರಿ ಹಿಡಿದು ಯಾಯಿವಾರಕ್ಕೆ ಹೋದರು. ಮನೆಮನೆಯ ಹಿಡಿ ಅಕ್ಕಿಯನ್ನು ಗೋಪಾಳಬುಟ್ಟಿಗೆ ಹಾಕಿಸಿಕೊಂಡರು. ಬುಟ್ಟಿ ಆ ದಿನಕ್ಕೆ ಸಾಕಾಗುವಷ್ಟು ದೊಡ್ಡದಿತ್ತು, ಕಣಜ ಕಟ್ಟುವಷ್ಟಲ್ಲ. ಹಾಕಿದ ಮನೆಯವನಿಗೂ ಹಾಕದ ಮನೆಯವನಿಗೂ ಹಾಡು ಒಂದೇ ಆಗಿತ್ತು.

ಗಳಿಕೆಯನ್ನು ಏನು ಮಾಡಬೇಕೆಂಬುದಕ್ಕೂ ನಮ್ಮ ತಾಲೂಕಿನವರೇ ಒಬ್ಬರು ದೃಷ್ಟಾಂತವಾಗಿದ್ದಾರೆ. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ೧೮೯೨ರಲ್ಲಿ ಹುಟ್ಟಿದ ಪಂಚಾಕ್ಷರ ಗವಾಯಿಗಳಿಗೆ ಕಣ್ಣಿರಲಿಲ್ಲ. ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದು, ಹಿಂದುಸ್ತಾನಿ, ಕರ್ನಾಟಕ ಪದ್ಧತಿಗಳೆರಡನ್ನೂ ಸಾಧಿಸಿ, ಅಂಧರಿಗೂ ಅನಾಥರಿಗೂ ಅನ್ನವಿಟ್ಟು ವಿದ್ಯೆ ಕಲಿಸಿದರು. ಗದಗಿನ ವೀರೇಶ್ವರ ಪುಣ್ಯಾಶ್ರಮವೇ ಅದರ ಫಲ. ಅವರ ಮಾರ್ಗವನ್ನು ಪುಟ್ಟರಾಜ ಗವಾಯಿಗಳು ೨೦೧೦ರಲ್ಲಿ ಕಾಲವಾಗುವವರೆಗೆ ನಡೆಸಿದರು. ಶಿಷ್ಯರ ಅನ್ನಕ್ಕಾಗಿ ಅವರು ನಾಟಕ ಮಂಡಳಿಯನ್ನು ಕಟ್ಟಿ ಊರೂರು ತಿರುಗಿದರು. ಟಿಕೆಟಿನ ಹಣ ಬಂದುದು ಕೊಡಬಲ್ಲವರಿಂದ. ಅದು ಹೋದುದು ಕೊಡಲಾರದ ಮಕ್ಕಳ ತುತ್ತಿಗೆ. ನಮ್ಮ ಮತ ಬೇರೆ, ಅವರ ಮತ ಬೇರೆ. ಆದರೆ ವಿದ್ಯಾವಿಕ್ರಯವು ವಿದ್ಯಾದಾನವಾಗುವ ಬಗೆಯನ್ನು ಇದಕ್ಕಿಂತ ಚೆನ್ನಾಗಿ ತೋರಿಸಿದವರನ್ನು ನಾನು ಕಾಣೆ.

ಮೂರನೆಯ ಆಕ್ಷೇಪವು ಕೇಳುವವರನ್ನು ಕುರಿತದ್ದು. ಕಚೇರಿಯಲ್ಲಿ ದೇವರನಾಮಕ್ಕೆ ದೊರೆಯುವುದು ಬಹುಮಟ್ಟಿಗೆ ಕೊನೆಯ ಹತ್ತು ನಿಮಿಷ. ಕಾಲ ಸಾಲದೆ ಕಡೆಯ ಚರಣ ಬಿಟ್ಟುಹೋಗುತ್ತದೆ. ಅದರೊಡನೆ ಅಂಕಿತವೂ ಹೋಗುತ್ತದೆ. ಅರ್ಥವರಿಯದ ಶ್ರೋತೃಗಳು ಚಪ್ಪಾಳೆ ತಟ್ಟುತ್ತಾರೆ. ಇದು ಕೀರ್ತನಭಕ್ತಿಯೇ? ಅಜಾಮಿಳನು ಮಗನನ್ನು ಕೂಗಿದರೂ ನಾರಾಯಣನಾಮವು ಅವನನ್ನು ಕಾಯಿತೆಂದು ಭಾಗವತವು ಹೇಳುತ್ತದೆ. ಹಾಗಾದರೆ ಅರಿಯದೆ ಕೇಳಿದ ನಾಮವೂ ವ್ಯರ್ಥವಲ್ಲ. ಆದರೆ ಅಜಾಮಿಳನ ಕಥೆ ನಾಮದ ಮಹಿಮೆಗೆ ಪ್ರಮಾಣವೇ ಹೊರತು ಹಾಡುವವನ ಉದಾಸೀನಕ್ಕೆ ರಹದಾರಿಯಲ್ಲ. ಕೇಳುವವನು ಅರಿಯದಿರುವುದು ಅವನ ತಪ್ಪಲ್ಲ. ಅರಿತವನು ಹೇಳದಿರುವುದು ತಪ್ಪು. ಅಂಕಿತವಿಲ್ಲದ ದಾಸರ ಪದವು ಸಹಿಯಿಲ್ಲದ ಪತ್ರದಂತೆ. ಅಂಕಿತದ ಚರಣವನ್ನು ಬಿಡದೆ ಹಾಡಿ, ಹಾಡುವ ಮೊದಲು ಎರಡು ಮಾತಿನಲ್ಲಿ ಅರ್ಥವನ್ನು ತಿಳಿಸಿದರೆ ಸಭೆಯೇ ಗುಡಿಯ ಪ್ರಾಕಾರವಾದೀತು.

ಇಷ್ಟನ್ನು ನಾನು ಕೆಲವು ತಿಂಗಳಲ್ಲಿ ಯೋಚಿಸಿ, ತೀರ್ಥರೂಪರಿಗೆ ಒಪ್ಪಿಸಿ, ಪ್ರಶ್ನೆ ಬಗೆಹರಿಯಿತೆಂದು ಸಮಾಧಾನಪಟ್ಟುಕೊಂಡಿದ್ದೆ. ಬಗೆಹರಿದಿರಲಿಲ್ಲ.

ನಮ್ಮಲ್ಲಿ ಬೆಳಗಿನ ಆರೂವರೆ ಎಂದರೆ ಅಲ್ಲಿ ಹಿಂದಿನ ರಾತ್ರಿಯ ಎಂಟೋ ಒಂಬತ್ತೋ ಗಂಟೆ. ಅಲ್ಲಿಯ ಮಕ್ಕಳಿಗೆ ಅದೇ ಅನುಕೂಲವೆಂದು ಆ ಹೊತ್ತಿಗೇ ಪಾಠವನ್ನು ಇಟ್ಟುಕೊಂಡಿದ್ದೆ. ನಮ್ಮ ಗುಡಿಯಲ್ಲಿ ಅದು ನಿರ್ಮಾಲ್ಯ ವಿಸರ್ಜನೆ ಮುಗಿದು ಅಭಿಷೇಕಕ್ಕೆ ಸಿದ್ಧತೆ ನಡೆಯುವ ಸಮಯ. ಮೊದಲೆಲ್ಲ ಮಡಿನೀರನ್ನು ಸೇದಿ ತರುವುದು ನನ್ನ ಕೆಲಸ. ಪಾಠ ಆರಂಭವಾದ ಮೇಲೆ ಎಪ್ಪತ್ತು ದಾಟಿದ ತೀರ್ಥರೂಪರು ತಾವೇ ಬಾವಿಗೆ ಹೋಗತೊಡಗಿದರು. ನಾನು ಕಂಡೂ ಕಾಣದವನಂತಿದ್ದೆ. ಮಾಘಮಾಸದ ಒಂದು ಬೆಳಗ್ಗೆ ಪಾಠದ ನಡುವೆ ಹಿತ್ತಲಿನಿಂದ ಕೊಡ ಉರುಳಿದ ಸಪ್ಪಳ ಕೇಳಿತು. ಅದೇ ಕ್ಷಣದಲ್ಲಿ ಆ ಹುಡುಗಿ, ವಾರಗಟ್ಟಲೆ ಕೈಗೆ ಹತ್ತದಿದ್ದ ಒಂದು ಚರಣವನ್ನು ಮೊದಲ ಸಲ ತಪ್ಪಿಲ್ಲದೆ ಹಾಡುತ್ತಿದ್ದಳು. ಬೆಕ್ಕು ಉರುಳಿಸಿರಬೇಕೆಂದು ನನಗೆ ನಾನೇ ಹೇಳಿಕೊಂಡು, ಚರಣ ಮುಗಿಯುವವರೆಗೆ ಕೇಳಿದೆ. ಮುಗಿದ ಮೇಲೆ 'ಭೇಷ್' ಎಂದೆ. ಆಮೇಲೆ ಎದ್ದು ಹೋಗಿ ನೋಡಿದರೆ ತೀರ್ಥರೂಪರು ಬಾವಿಕಟ್ಟೆಯ ಕೆಳಗೆ ಒದ್ದೆನೆಲದಲ್ಲಿ ಮೊಳಕಾಲು ಹಿಡಿದುಕೊಂಡು ಕುಳಿತಿದ್ದರು.

"ಕರೀಬಾರದಾಗಿತ್ತೇನು?" ಎಂದೆ.

"ಆ ಹುಡುಗಿ ಛಲೋ ಹಾಡಲಿಕ್ಕತ್ತಿದ್ದಳು. ನಡುವ ನಿಲ್ಲಸಬಾರದು ಅನಿಸ್ತು" ಎಂದರು.

ಪೆಟ್ಟು ದೊಡ್ಡದಾಗಿರಲಿಲ್ಲ. ಹದಿನೈದು ದಿನಗಳಲ್ಲಿ ಮೊದಲಿನಂತೆ ನಡೆದಾಡಿದರು. ಆದರೆ ಆ ಹದಿನೈದು ದಿನ ನೀರು ಸೇದುವಾಗಲೆಲ್ಲ ಆ ಮಾತು ನನ್ನನ್ನು ಕುಟುಕಿತು. ಪರದೇಶದಲ್ಲಿ ಹರಿನಾಮ ಪ್ರಚಾರವೆಂಬ ದೊಡ್ಡ ಮಾತಿನಡಿಯಲ್ಲಿ, ಹರಿಯ ಅಭಿಷೇಕಕ್ಕೆ ನೀರು ತರುವ ಚಿಕ್ಕ ಕೆಲಸವನ್ನು ಮುದುಕರ ಮೇಲೆ ಹೊರಿಸಿದ್ದೆ. ನಾನು ಇಷ್ಟು ದಿನ ಶಾಸ್ತ್ರಗಳಲ್ಲಿ ಹುಡುಕಿದುದು ಕೊಡುವುದು ಸರಿಯೇ, ತೆಗೆದುಕೊಳ್ಳುವುದು ಸರಿಯೇ ಎಂಬುದನ್ನು. ಕೊಡುವಾಗ ಅದರ ಬೆಲೆಯನ್ನು ಯಾರು ತೆರುತ್ತಿದ್ದಾರೆ ಎಂದು ಕೇಳಿಯೇ ಇರಲಿಲ್ಲ.

ಗಂಗೂಬಾಯಿಯವರ ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತದ ಒಳ್ಳೆಯ ಗಾಯಕಿಯರು. ಮಗಳು ಹಿಂದುಸ್ತಾನಿಯನ್ನು ಹಿಡಿದಾಗ, ತಮ್ಮ ಧಾಟಿ ಮಗಳ ಕಂಠದಲ್ಲಿ ಬೆರೆಯಬಾರದೆಂದು ತಮ್ಮ ಹಾಡನ್ನೇ ನಿಲ್ಲಿಸಿದರೆಂದು ಹೇಳುವುದುಂಟು. ಲೋಕವು ಮಗಳನ್ನು ಕೇಳಿತು. ನಿಂತುಹೋದ ತಾಯಿಯ ಹಾಡನ್ನು ಯಾರೂ ಕೇಳಲಿಲ್ಲ. ದೂರಕ್ಕೆ ಹೋಗುವ ಪ್ರತಿಯೊಂದು ಸ್ವರದ ಹಿಂದೆ ಮನೆಯಲ್ಲಿ ಯಾರೋ ಒಬ್ಬರು ಮೌನವಾಗಿರುತ್ತಾರೆ. ಅವರು ತಾವಾಗಿ ಕೊಟ್ಟರೆ ಅದು ತ್ಯಾಗ. ಕೊಟ್ಟಾರೆಂದು ನಾವು ಗ್ರಹಿಸಿಕೊಂಡರೆ ಅದು ಅಪಹಾರ. ಈ ಎರಡರ ಭೇದವನ್ನು ಹೊರಗಿನವರು ಕಾಣಲಾರರು. ಪಡೆಯುವವನ ಅಂತಃಕರಣ ಮಾತ್ರ ಬಲ್ಲುದು.

ಮನೆಯ ಮಾತೇ ಊರಿನ ಮಾತೂ ಹೌದು. ನಮ್ಮ ಗುಡಿಯಲ್ಲಿ ಶನಿವಾರದ ಸಂಜೆ ಭಜನೆಗೆ ಒಂದು ಕಾಲಕ್ಕೆ ಕೂಡ್ರಲು ಸ್ಥಳವಿರುತ್ತಿರಲಿಲ್ಲವಂತೆ. ಈಗ ಬರುವವರು ಐದಾರು ಜನ, ಎಲ್ಲರೂ ವಯಸ್ಸಾದವರು. ಊರಿನಲ್ಲಿರುವ ಮಕ್ಕಳಿಗೆ ಪದ ಕಲಿಸಲು ನಾನು ಎಂದೂ ಹೊತ್ತು ಮಾಡಿಕೊಂಡಿರಲಿಲ್ಲ. ಹಿರೇಕೆರೂರು ಎಂಬ ಹೆಸರಿನಲ್ಲಿಯೇ ಕೆರೆಯಿದೆ. ನಮ್ಮ ಸೀಮೆಯವರಿಗೆ ಕೆರೆಯ ನ್ಯಾಯವನ್ನು ವಿವರಿಸಬೇಕಾಗಿಲ್ಲ. ಕೋಡಿ ಬಿದ್ದು ನೀರು ಮುಂದಿನ ಊರಿಗೆ ಹರಿದರೆ ಎಲ್ಲರಿಗೂ ಸಂತೋಷ. ಆದರೆ ತೂಬಿನ ಕೆಳಗಿನ ಸ್ವಂತ ಗದ್ದೆ ಒಣಗಿರುವಾಗ ಏರಿಯನ್ನೇ ಒಡೆದು ನೀರನ್ನು ಹೊರಗೆ ಬಿಡುವವನನ್ನು ಯಾರೂ ಉದಾರಿ ಎನ್ನಲಾರರು.

ದೂರದ ಪಾಠವು ಇನ್ನೊಂದು ಸಂಗತಿಯನ್ನೂ ಕಲಿಸಿತು. ಮೊಬೈಲಿನಲ್ಲಿ ಒಬ್ಬರು ಹಾಡಿ ಇನ್ನೊಬ್ಬರು ಅನುಸರಿಸಬಹುದು. ಇಬ್ಬರೂ ಒಟ್ಟಿಗೆ ಹಾಡಲಾಗದು. ಧ್ವನಿ ಅಲ್ಲಿಗೆ ಮುಟ್ಟಿ ಮರಳುವಷ್ಟರಲ್ಲಿ ಕ್ಷಣಾರ್ಧ ಜಾರಿರುತ್ತದೆ. ನಾನು ಹಾಕಿದ ತಾಳ ಅಲ್ಲಿ ತಡವಾಗಿ ಬೀಳುತ್ತದೆ. ಅಲ್ಲಿಯದು ಇಲ್ಲಿ ಇನ್ನೂ ತಡವಾಗುತ್ತದೆ. ಸಾಹಿತ್ಯ, ರಾಗ, ಅರ್ಥ, ಉಚ್ಚಾರ ಎಲ್ಲವೂ ಕಡಲನ್ನು ದಾಟುತ್ತವೆ. ತಾಳ ಕೂಡುವುದು ಮಾತ್ರ ದಾಟುವುದಿಲ್ಲ. ಭಜನೆ ಎಂದರೆ ತಾಳ ಕೂಡುವುದೇ ಅಲ್ಲವೇ? ಹತ್ತು ಜನ ಒಂದೇ ಹೊತ್ತಿಗೆ ಒಂದೇ ಹೆಸರನ್ನು ಕೂ‌ಗುವಾಗ, ಸ್ವರ ತಪ್ಪಿದವನನ್ನೂ ಉಳಿದವರು ಎತ್ತಿಕೊಂಡು ಹೋಗುವುದು ಭಜನೆ. ಅದಕ್ಕೆ ಒಂದೇ ಚಾಪೆಯ ಮೇಲೆ ಕುಳಿತುಕೊಳ್ಳಬೇಕು. ಆದುದರಿಂದ ಪರದೇಶದಲ್ಲಿರುವ ನಮ್ಮವರಿಗೆ ನನ್ನ ಪ್ರಾರ್ಥನೆ ಇಷ್ಟು: ಮಕ್ಕಳು ಪರದೆಯ ಮೇಲೆ ಕಲಿತು ಅಲ್ಲಿಗೇ ನಿಲ್ಲಬಾರದು. ನಾಲ್ಕು ಮನೆಗಳವರು ತಿಂಗಳಿಗೊಮ್ಮೆಯಾದರೂ ಒಂದು ಮನೆಯಲ್ಲಿ ಕುಳಿತು ಹಾಡಬೇಕು. ಊರಿಗೆ ಬಂದಾಗ ಗುಡಿಯ ಭಜನೆಯಲ್ಲಿ ಕುಳಿತುಕೊಳ್ಳಬೇಕು. ತೀರ್ಥಪ್ರಸಾದ ತೆಗೆದುಕೊಂಡು ಕಾರು ಹತ್ತಬಾರದು.

ಈಗ ಬೆಳಗಿನ ಪಾಠವನ್ನು ನಿಲ್ಲಿಸಿದ್ದೇನೆ. ಬೆಳಗ್ಗೆ ಬಾವಿ, ಗುಡಿ, ಅಭಿಷೇಕ. ಶನಿವಾರ, ರವಿವಾರ ಸಂಜೆ ಆರೂವರೆಗೆ ಪಾಠ. ಅಲ್ಲಿ ಆಗ ಬೆಳಗಾಗಿರುತ್ತದೆ. ಹೊತ್ತು ಬದಲಾದುದಕ್ಕೆ ಎರಡು ಮನೆಯವರು ಬಿಟ್ಟುಹೋದರು, ಉಳಿದವರು ಒಪ್ಪಿಕೊಂಡರು. ಪಾಠ ನಡೆಯುವುದು ಗುಡಿಯ ಪೌಳಿಯಲ್ಲಿ. ಊರಿನ ಏಳೆಂಟು ಮಕ್ಕಳು ಎದುರಿಗೆ ಕುಳಿತಿರುತ್ತಾರೆ. ಅವರಲ್ಲಿ ಎಲ್ಲ ಓಣಿಗಳವರೂ ಇದ್ದಾರೆ; ಅವರಿಂದ ಏನನ್ನೂ ತೆಗೆದುಕೊಳ್ಳುವುದಿಲ್ಲ. ಹೊರಗಿನವರು ಕೊಟ್ಟುದರಲ್ಲಿ ಮನೆಯ ಖರ್ಚಿಗೆ ಬೇಕಾದಷ್ಟನ್ನು ಇಟ್ಟುಕೊಂಡು, ಮಿಕ್ಕುದರಲ್ಲಿ ಒಂದು ಹಾರ್ಮೋನಿಯಂ, ನಾಲ್ಕು ಜೊತೆ ತಾಳ, ಮಕ್ಕಳಿಗೆ ಬರೆದುಕೊಳ್ಳಲು ಪುಸ್ತಕಗಳು ಬಂದಿವೆ. ಒಂದು ಚರಣವನ್ನು ಊರಿನ ಹುಡುಗ ಹಾಡುತ್ತಾನೆ; ಅದನ್ನು ಕೇಳಿ ಅಲ್ಲಿಯ ಹುಡುಗಿ ಹಾಡುತ್ತಾಳೆ. ಒಟ್ಟಿಗೆ ಹಾಡಲು ಹೋಗಿ ತಾಳ ತಪ್ಪಿದಾಗ ಎರಡೂ ಕಡೆಯವರು ನಗುತ್ತಾರೆ.

ತೀರ್ಥರೂಪರ ಪ್ರಶ್ನೆಗೆ ಇದು ಪೂರ್ಣವಾದ ಉತ್ತರವೆಂದು ನಾನು ಹೇಳಲಾರೆ. ಮನೆಯ ಖರ್ಚಿಗೆ ಬೇಕಾದಷ್ಟು ಎಂಬ ಅಳತೆಯ ಬುಟ್ಟಿ ವರ್ಷದಿಂದ ವರ್ಷಕ್ಕೆ ದೊಡ್ಡದಾಗದಂತೆ ನೋಡಿಕೊಳ್ಳುವುದು ಸುಲಭವಲ್ಲ. ಮೊನ್ನೆ ಅವರೇ ಪೌಳಿಯ ಕಂಬಕ್ಕೆ ಒರಗಿ ಪಾಠವನ್ನು ಕೇಳುತ್ತಿದ್ದರು. ಮುಗಿದ ಮೇಲೆ, "ಹಿರಿಯರ ಧಾಟಿಯೊಳಗ ಒಂದು ಪದ ಅದ, ನಿನಗೂ ಬರೂದಿಲ್ಲ. ಬರೂ ಶನಿವಾರ ನಾನು ಹೇಳಿಕೊಡತೇನಿ, ಆ ಹುಡುಗಿಗೂ ಕೇಳಸು" ಎಂದರು. ಸೇವೆಯೋ ವ್ಯಾಪಾರವೋ ಎಂಬ ಪ್ರಶ್ನೆಯನ್ನು ಮತ್ತೆ ಎತ್ತಲಿಲ್ಲ. ಎತ್ತಲಿಲ್ಲವೆಂದ ಮಾತ್ರಕ್ಕೆ ನಾನು ಅದನ್ನು ಮರೆಯತಕ್ಕದ್ದಲ್ಲ.

ಸವಣೂರಿನಲ್ಲಿ ಶ್ರೀ ಸತ್ಯಬೋಧತೀರ್ಥರ ಆರಾಧನೆಗೆ ಹೊರನಾಡುಗಳಿಂದ ನಮ್ಮವರು ಅನೇಕರು ಬರುತ್ತಾರೆ. ಆ ದಿನಗಳಲ್ಲಿ ಸಾಧ್ಯವಾದವರು ಮಕ್ಕಳನ್ನು ಕರೆದುಕೊಂಡು ಬಂದು ವೃಂದಾವನದ ಸನ್ನಿಧಿಯಲ್ಲಿ ಒಂದು ಪದವನ್ನಾದರೂ ಅಂಕಿತ ಸಹಿತ ಹಾಡಿಸಬೇಕು. ಜೊತೆಗೆ ಹಾಡಲು ನಮ್ಮ ಊರಿನ ಮಕ್ಕಳನ್ನು ನಾನು ಕರೆತರುತ್ತೇನೆ. ಅಲ್ಲಿಯಾದರೂ ತಾಳ ಕೂಡಲಿ.

ಶ್ರೀಕೃಷ್ಣಾರ್ಪಣಮಸ್ತು.